ಮಳೆಗೆ ನೆಟ್ ಹೋದರೆ ಒಬ್ಬನೇ ಆಡುವ ಗೇಮ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾವು ಬ್ರಹ್ಮಾವರದ ಹತ್ತಿರ ಇರುವುದು. ಮಗನಿಗೆ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ಸುಮಾರು 3,000 ರೂಪಾಯಿ ಕೊಟ್ಟು ಒಂದು ಕಾರ್ ರೇಸ್ ಗೇಮ್ ತೆಗೆಸಿಕೊಟ್ಟೆ. ಅವನು ಒಬ್ಬನೇ ಆಡುವುದು, ಬೇರೆ ಯಾರ ಜೊತೆಗೂ ಅಲ್ಲ. ಆದರೂ ಗಾಳಿಮಳೆಗೆ ನೆಟ್ ಹೋದ ಕೂಡಲೇ ‘ಸರ್ವರ್ ಸಿಗುತ್ತಿಲ್ಲ’ ಅಂತ ಬಂದು ಗೇಮ್ ನಿಂತು ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಉಂಟು, ಕಂಪ್ಯೂಟರ್ ಆನ್ ಇರುತ್ತದೆ, ಏನೂ ಪ್ರಯೋಜನ ಇಲ್ಲ. ಮಣಿಪಾಲದ ಹಾಸ್ಟೆಲ್‌ನಲ್ಲಿರುವ ಅವನ ಫ್ರೆಂಡ್ ಕ್ರ್ಯಾಕ್ ಹಾಕಿದ ಗೇಮ್‌ಗಳನ್ನು, ಅಂದರೆ ಕಳ್ಳ ಕಾಪಿಗಳನ್ನು ಆಡುತ್ತಾನಂತೆ, ಅದಕ್ಕೆ ನೆಟ್ಟೇ ಬೇಡವಂತೆ. ಹಣ ಕೊಟ್ಟ ನಮಗೆ ಈ ಗತಿ ಯಾಕೆ? ಹಣ ವಾಪಸ್ ಕೇಳಬಹುದಾ? ಮುಂದೆ ತೆಗೆದುಕೊಳ್ಳುವಾಗ ಎಂತ ನೋಡಬೇಕು?

ಉತ್ತರ: ನಿಮ್ಮ ಕಂಪ್ಯೂಟರ್ ಸರಿ ಇದೆ. ಮಗ ಯಾವ ಸೆಟ್ಟಿಂಗೂ ಹಾಳು ಮಾಡಿಲ್ಲ. ಗೇಮ್‌ನ ಫೈಲುಗಳು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೇ ಇವೆ, ಹತ್ತಾರು ಜಿಬಿ ಜಾಗ ಹಿಡಿದು ಕೂತಿವೆ. ಕಾರು, ರಸ್ತೆ, ಸೌಂಡು ಎಲ್ಲ ಮನೆಯೊಳಗೇ. ಇಲ್ಲದಿರುವುದು ಆಡಲು ಕಂಪನಿಯ ಅಪ್ಪಣೆ ಮಾತ್ರ. ಅದು ಕಂಪನಿಯ ಸರ್ವರ್‌ನಿಂದ, ಅಂದರೆ ಎಲ್ಲೋ ದೂರದಲ್ಲಿರುವ ಅವರ ಕಂಪ್ಯೂಟರಿನಿಂದ, ನೆಟ್ ಮೂಲಕ ಬರುತ್ತಲೇ ಇರಬೇಕು. ಗೇಮ್ ಕಾಪಿ ಆಗದ ಹಾಗೆ ಹಾಕುವ ಬೀಗಕ್ಕೆ ಡಿಆರ್‌ಎಂ ಅನ್ನುತ್ತಾರೆ. ಅದರಲ್ಲಿ ‘ಆಲ್ವೇಸ್ ಆನ್‌ಲೈನ್’ ಅನ್ನುವ ಜಾತಿ ನಿಮ್ಮದು.

ಬೀಗಗಳಲ್ಲಿ ಮೂರು ನಮೂನೆ ಉಂಟು. ಡೇರೆ ಮೇಳದ ಯಕ್ಷಗಾನಕ್ಕೆ ಹೋದವರಿಗೆ ಬೇಗ ಅರ್ಥವಾಗುತ್ತದೆ. ಕೆಲವು ಗೇಮ್‌ಗಳು ಗೇಟಿನಲ್ಲಿ ಒಮ್ಮೆ ಟಿಕೆಟ್ ಹರಿದು ಒಳಗೆ ಬಿಡುತ್ತವೆ. ಇನ್‌ಸ್ಟಾಲ್ ಮಾಡುವಾಗ ಒಂದು ಸಲ ನೆಟ್ ಬೇಕು, ಆಮೇಲೆ ಬೆಳಗಿನವರೆಗೆ ಯಾರೂ ಕೇಳುವುದಿಲ್ಲ. ಇನ್ನು ಕೆಲವು, ಚಾ ಕುಡಿಯಲು ಹೊರಗೆ ಹೋಗಿ ಬಂದರೆ ಮತ್ತೊಮ್ಮೆ ಟಿಕೆಟ್ ತೋರಿಸಿ ಅನ್ನುತ್ತವೆ. ಗೇಮ್‌ಗೆ ದೊಡ್ಡ ಅಪ್‌ಡೇಟ್ ಬಂದಾಗ, ಕಂಪ್ಯೂಟರ್‌ನ ಭಾಗ ಬದಲಾದಾಗ ಸರ್ವರಿಗೆ ಹೋಗಿ ಮತ್ತೆ ಪರೀಕ್ಷೆ. ಡೆನುವೊ ಅನ್ನುವ ಬೀಗ ಹೆಚ್ಚಾಗಿ ಹೀಗೆ. ಮೂರನೆಯದರಲ್ಲಿ ಟಿಕೆಟ್‌ನವನು ರಾತ್ರಿಯಿಡೀ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತು ‘ಟಿಕೆಟ್ ಉಂಟಾ, ಟಿಕೆಟ್ ಉಂಟಾ’ ಅಂತ ಕೇಳುತ್ತಿರುತ್ತಾನೆ. ಅವನು ಒಂದು ನಿಮಿಷ ಎದ್ದು ಹೋದರೆ ಭಾಗವತರು ಪದ ನಿಲ್ಲಿಸಬೇಕು. ಟಿಕೆಟ್ ಇಲ್ಲದೆ ಡೇರೆಯ ಹಿಂದಿನಿಂದ ನುಗ್ಗಿದವನ ಹತ್ತಿರ ಯಾರೂ ಕೇಳುವುದಿಲ್ಲ. ನಿಮ್ಮ ಮಗನ ಫ್ರೆಂಡ್ ಅಲ್ಲಿ ಕೂತಿದ್ದಾನೆ.

ಹಣ ಕೊಟ್ಟವರು ಸಿಕ್ಕಿಹಾಕಿಕೊಳ್ಳುವುದು ಇದು ಮೊದಲಲ್ಲ. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ ‘ಅಸಾಸಿನ್ಸ್ ಕ್ರೀಡ್ 2’ರ ಪಿಸಿ ಆವೃತ್ತಿಗೆ ಈ ಮೂರನೇ ನಮೂನೆಯ ಬೀಗ ಹಾಕಿತು. ಪೂರ್ತಿ ಒಬ್ಬರೇ ಆಡುವ ಗೇಮ್ ಅದು. ಬಿಡುಗಡೆಯಾಗಿ ಕೆಲವೇ ದಿನದಲ್ಲಿ ಯಾರೋ ಆ ಸರ್ವರ್ ಮೇಲೆ ದಾಳಿ ಮಾಡಿದರು. ಹಣ ಕೊಟ್ಟು ತೆಗೆದುಕೊಂಡ ಎಷ್ಟೋ ಜನ ಭಾನುವಾರ ಗಂಟೆಗಟ್ಟಲೆ ಆಡಲಾಗದೆ ಕೂತರು. ಕಂಪನಿ 2012ರ ಹೊತ್ತಿಗೆ ಆ ಪದ್ಧತಿ ಬಿಟ್ಟು, ಇನ್‌ಸ್ಟಾಲ್ ಮಾಡುವಾಗ ಒಂದು ಸಲ ನೆಟ್ ಇದ್ದರೆ ಸಾಕು ಅಂದಿತು.

2012ರ ಮೇ ತಿಂಗಳಲ್ಲಿ ‘ಡಯಾಬ್ಲೊ 3’ ಅನ್ನುವ ಇನ್ನೊಂದು ಗೇಮ್ ಕಂಪ್ಯೂಟರಿಗೆ ಬಂತು, ಅದಕ್ಕೂ ನೆಟ್ ಸದಾ ಬೇಕಿತ್ತು. ಮೊದಲ ದಿನ ಜನ ಕಂಡದ್ದು ಗೇಮ್ ಅಲ್ಲ, ‘ಎರರ್ 37’ ಅನ್ನುವ ಸಂದೇಶ. ಸರ್ವರ್ ತುಂಬಿದೆ, ಆಮೇಲೆ ಬನ್ನಿ ಅಂತ ಅದರ ಅರ್ಥ. ದಕ್ಷಿಣ ಕೊರಿಯಾದಲ್ಲಿ ಸರಕಾರದ ವ್ಯಾಪಾರ ಆಯೋಗವೇ ತನಿಖೆಗೆ ಇಳಿಯಿತು, ಆ ಗೇಮ್‌ನ ಕಂಪನಿ ಅಲ್ಲಿನ ಆಟಗಾರರಿಗೆ ಹಣ ವಾಪಸ್ ಕೊಡಲು ಒಪ್ಪಿತು. ತಮಾಷೆ ಏನು ಗೊತ್ತಾ? 2013ರಲ್ಲಿ ಅದೇ ಗೇಮ್ ಟಿವಿಗೆ ಸಿಕ್ಕಿಸಿ ಆಡುವ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗ ನೆಟ್ ಇಲ್ಲದೆಯೂ ಆಡಬಹುದಿತ್ತು. ಅಂದರೆ ಗೇಮ್‌ಗೆ ನೆಟ್ ಬೇಕಿರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕೋಪ ಬರುವುದು ‘ಸಿಮ್‌ಸಿಟಿ’ಯ ಕಥೆಗೆ. ಊರು ಕಟ್ಟುವ ಗೇಮ್. ನೀರು, ಕರೆಂಟು, ರಸ್ತೆ ಎಲ್ಲ ನಾವೇ ಮಾಡಬೇಕು, ನಮ್ಮಷ್ಟಕ್ಕೆ ಕೂತು ಆಡುವಂಥದ್ದು. 2013ರ ಮಾರ್ಚ್‌ನಲ್ಲಿ ಇಎ ಕಂಪನಿ ಹೊಸ ಸಿಮ್‌ಸಿಟಿ ಬಿಟ್ಟಾಗ ಸರ್ವರ್‌ಗಳು ಕುಸಿದು ಬಿದ್ದವು. ಜನ ಕ್ಯೂ ನಿಂತರು, ಕಟ್ಟಿದ ಊರು ಕಳೆದುಕೊಂಡರು. ಅಮೆಜಾನ್ ಕೆಲ ಹೊತ್ತು ಅದರ ಡೌನ್‌ಲೋಡ್ ಮಾರಾಟವನ್ನೇ ನಿಲ್ಲಿಸಿತು. ಆಫ್‌ಲೈನ್ ಯಾಕೆ ಇಲ್ಲ ಅಂತ ಕೇಳಿದರೆ, ಲೆಕ್ಕಾಚಾರದ ದೊಡ್ಡ ಭಾಗ ನಮ್ಮ ಸರ್ವರಿನಲ್ಲೇ ನಡೆಯುತ್ತದೆ, ಅದನ್ನು ತೆಗೆಯಲು ತುಂಬಾ ಕೆಲಸ ಅಂತ ಉತ್ತರ ಬಂತು. ಕೆಲವೇ ದಿನದಲ್ಲಿ ಒಬ್ಬ ಆಟಗಾರ ಗೇಮ್‌ನ ಫೈಲುಗಳನ್ನು ಸ್ವಲ್ಪ ಬದಲಾಯಿಸಿ, ನೆಟ್ ಇಲ್ಲದೆಯೂ ಊರು ಚೆನ್ನಾಗಿ ನಡೆಯುತ್ತದೆ ಅಂತ ತೋರಿಸಿಯೇ ಬಿಟ್ಟ. ಕಂಪನಿ ಸಮಾಧಾನಕ್ಕೆ ಬೇರೊಂದು ಗೇಮ್ ಉಚಿತವಾಗಿ ಕೊಟ್ಟಿತು. ಒಂದು ವರ್ಷದ ಮೇಲೆ, 2014ರ ಮಾರ್ಚ್‌ನಲ್ಲಿ, ಅಧಿಕೃತವಾಗಿಯೇ ಆಫ್‌ಲೈನ್ ಮೋಡ್ ಬಂತು. ಅಷ್ಟರಲ್ಲಿ ಊರು ಕಟ್ಟುವ ಆಸೆ ಇದ್ದ ಎಷ್ಟೋ ಜನ ಬೇಸತ್ತು ಬಿಟ್ಟಿದ್ದರು.

ಅದೇ 2013ರಲ್ಲಿ ಮೈಕ್ರೋಸಾಫ್ಟ್, ಹೊಸ ಎಕ್ಸ್‌ಬಾಕ್ಸ್ ಒನ್ 24 ಗಂಟೆಗೆ ಒಮ್ಮೆಯಾದರೂ ನೆಟ್‌ಗೆ ಹೋಗಿ ಬರಬೇಕು ಅಂತ ಹೇಳಿತ್ತು. ನೆಟ್ ಸರಿ ಇಲ್ಲದವರು ಏನು ಮಾಡಬೇಕು ಅಂತ ಕೇಳಿದ್ದಕ್ಕೆ, ಅವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಉಂಟಲ್ಲ ಅನ್ನುವ ಧಾಟಿಯ ಉತ್ತರ ಬಂತು. ಜನ ಗಲಾಟೆ ಮಾಡಿದರು, ಜೂನ್ ತಿಂಗಳಲ್ಲೇ ನಿರ್ಧಾರ ಹಿಂದೆ ಹೋಯಿತು. ಆ ಮಾತು ಹೇಳಿದವರನ್ನು ಒಂದು ಜುಲೈ ತಿಂಗಳು ನಮ್ಮ ಘಟ್ಟದ ಬುಡದ ಯಾವುದಾದರೂ ಮನೆಯಲ್ಲಿ ಇರಿಸಬೇಕಿತ್ತು ಅಂತ ನನಗೆ ಅನ್ನಿಸಿದ್ದುಂಟು.

ಕಂಪನಿಗಳ ಕಡೆಯ ಮಾತೂ ಸ್ವಲ್ಪ ಕೇಳಬೇಕು. ದೊಡ್ಡ ಗೇಮ್‌ಗೆ ಮೊದಲ ಕೆಲವು ವಾರದ ಮಾರಾಟವೇ ಮುಖ್ಯ. ಅಷ್ಟು ದಿನ ಕಾಪಿ ಆಗದೆ ಉಳಿದರೂ ಅವರಿಗೆ ಲಾಭ. ಜೊತೆಯಲ್ಲಿ ಆಡುವ ಗೇಮ್‌ಗಳಲ್ಲಿ ಮೋಸ ತಡೆಯಲು ಸರ್ವರ್ ನಿಜವಾಗಿಯೂ ಬೇಕು. ಆದರೆ ಒಬ್ಬನೇ ಆಡುವ ಗೇಮ್‌ಗೆ ನೆಟ್ ಕಟ್ಟಿ ಹಾಕುವುದಕ್ಕೆ ಇನ್ನೊಂದು ಕಾರಣ ಉಂಟು, ಅದನ್ನು ಅವರು ಜಾಸ್ತಿ ಹೇಳುವುದಿಲ್ಲ. ಗೇಮ್‌ನೊಳಗೆ ಕಾರು, ಬಣ್ಣ, ನಾಣ್ಯ ಅಂತ ದುಡ್ಡಿಗೆ ಮಾರುವುದಿದ್ದರೆ ಆಟಗಾರ ಸದಾ ಅಂಗಡಿಯೊಳಗೇ ಇರಬೇಕು. ನಾಣ್ಯದ ಲೆಕ್ಕ ಅವನ ಕಂಪ್ಯೂಟರಿನಲ್ಲಿದ್ದರೆ ಅವನೇ ತಿದ್ದಿಕೊಂಡಾನು ಅನ್ನುವ ಭಯ.

ಕಾರ್ ರೇಸ್ ಗೇಮ್‌ಗಳು ಈ ರೋಗಕ್ಕೆ ಹೆಚ್ಚು ಬೀಳುವುದು ಇದೇ ಕಾರಣಕ್ಕೆ. ಪ್ಲೇಸ್ಟೇಷನ್‌ನ ‘ಗ್ರಾನ್ ಟುರಿಸ್ಮೊ 7’ ಒಬ್ಬರೇ ಆಡುವಾಗಲೂ ಬಹುಪಾಲು ನೆಟ್ ಕೇಳುತ್ತದೆ. 2022ರ ಮಾರ್ಚ್‌ನಲ್ಲಿ ಒಂದು ಅಪ್‌ಡೇಟ್ ಎಡವಟ್ಟಾಗಿ ಸರ್ವರ್ 30 ಗಂಟೆಗೂ ಹೆಚ್ಚು ಮುಚ್ಚಿತ್ತು, ಹಣ ಕೊಟ್ಟವರೆಲ್ಲ ಕಾದರು. ಇನ್ನೂ ದೊಡ್ಡ ಕಥೆ ‘ದಿ ಕ್ರೂ’ದ್ದು. 2014ರ ಡಿಸೆಂಬರ್‌ನಲ್ಲಿ ಬಂದ ಯೂಬಿಸಾಫ್ಟ್‌ನ ಕಾರ್ ಗೇಮ್. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡುವ ಭಾಗ ಇದ್ದರೂ ಇಡೀ ಗೇಮ್ ಸತ್ತಿತು. ಡಿಸ್ಕ್ ಕೈಯಲ್ಲಿದ್ದವರಿಗೂ ಅದು ಬರೀ ಪ್ಲಾಸ್ಟಿಕ್ ತಟ್ಟೆ. ಮುಚ್ಚಿದ ಮೇಲೆ ಜನರ ಖಾತೆಯಿಂದ ಲೈಸೆನ್ಸನ್ನೂ ತೆಗೆದುಹಾಕಿದರು.

ಆ ಸಿಟ್ಟಿನಲ್ಲೇ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನುವ ಚಳವಳಿ ಶುರು ಮಾಡಿದರು. ಬೇಡಿಕೆ ಸರಳ: ಸರ್ವರ್ ಮುಚ್ಚುವುದಾದರೆ ಮುಚ್ಚಿ, ಆದರೆ ಮಾರಿದ ಗೇಮನ್ನು ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟು ಹೋಗಿ. ಯುರೋಪಿಯನ್ ಯೂನಿಯನ್ ಮುಂದೆ ಇಟ್ಟ ಮನವಿಗೆ 2025ರ ಜುಲೈ ಒಳಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅದು ಆಗದ ಮಾತೇನೂ ಅಲ್ಲ. ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ನ ಸರ್ವರ್ 2024ರ ಜನವರಿಯಲ್ಲಿ ನಿಂತಾಗ, ಅದಕ್ಕೂ ಮೊದಲೇ ಅಪ್‌ಡೇಟ್ ಕೊಟ್ಟು ಒಬ್ಬರೇ ಆಡುವ ಭಾಗವನ್ನು ಆಫ್‌ಲೈನ್ ಮಾಡಿದ್ದರು. ಗಲಾಟೆಯಾದ ಮೇಲೆ ‘ದಿ ಕ್ರೂ 2’ಕ್ಕೂ 2025ರಲ್ಲಿ ಆಫ್‌ಲೈನ್ ಆಡುವ ಅವಕಾಶ ಬಂತು. ನಿಮ್ಮ ಮಗನದು ಯಾವ ಗೇಮ್ ಅಂತ ನೀವು ಬರೆದಿಲ್ಲ. ಒಮ್ಮೆ ಎಲ್ಲ ಅಪ್‌ಡೇಟ್ ಹಾಕಿ, ಮೆನುವಿನಲ್ಲಿ ಆಫ್‌ಲೈನ್ ಅನ್ನುವುದು ಎಲ್ಲಾದರೂ ಬಂದಿದೆಯಾ ನೋಡಲು ಹೇಳಿ.

ಈಗ ಹಣದ ವಿಷಯ. ನೀವು ತೆಗೆದುಕೊಂಡದ್ದು ಗೇಮ್ ಅಲ್ಲ, ಆಡುವ ಲೈಸೆನ್ಸ್. ಎಲ್ಲ ಆನ್‌ಲೈನ್ ಅಂಗಡಿಗಳ ಷರತ್ತಿನಲ್ಲೂ ಹಾಗೇ ಇರುತ್ತದೆ, ಯಾರೂ ಓದುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕಾನೂನು ಬಂದಿದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಣ ಕಟ್ಟುವ ಮೊದಲು ಆ ಸಾಲು ನಿಮಗೂ ಕಾಣುತ್ತದೆ.

ಸ್ಟೀಮ್‌ನಲ್ಲಿ ತೆಗೆದುಕೊಂಡು 14 ದಿನ ಆಗಿರದಿದ್ದರೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ರಿಫಂಡ್ ಕೊಡುತ್ತಾರೆ. ಎಪಿಕ್ ಅಂಗಡಿಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ಮುಗಿಯಿತು, ಗೇಮ್‌ನಲ್ಲೇ ದೋಷ ಇದ್ದರೆ ಮಾತ್ರ ಕೇಳಬಹುದು. ನಿಮ್ಮ ಮಗ ಇಷ್ಟು ಹೊತ್ತಿಗೆ ಎರಡು ಗಂಟೆ ದಾಟಿರುತ್ತಾನೆ, ಅಲ್ವಾ? ಆದರೂ ಒಮ್ಮೆ ಬರೆದು ಕೇಳಿ, ಕೇಳಲು ಖರ್ಚಿಲ್ಲ. ಗೇಮ್ ಚೆನ್ನಾಗಿಲ್ಲ ಅಂತ ಬರೆಯಬೇಡಿ. ಒಬ್ಬರೇ ಆಡುವ ಭಾಗ ನೆಟ್ ಇಲ್ಲದೆ ಶುರುವಾಗುವುದಿಲ್ಲ, ಇದು ತೆಗೆದುಕೊಳ್ಳುವಾಗ ಗೊತ್ತಾಗಲಿಲ್ಲ ಅಂತ ಬರೆಯಿರಿ. ಎರರ್‌ನ ಫೋಟೊ ಹಾಕಿ.

ಅಲ್ಲಿ ಆಗದಿದ್ದರೆ ನಮ್ಮ ದೇಶದ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಡಿಜಿಟಲ್ ವಸ್ತುಗಳ ಆನ್‌ಲೈನ್ ವ್ಯಾಪಾರವನ್ನೂ ಒಳಗೊಂಡಿದೆ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲಿಯದೇ ಆಗಿರಲಿ, ನೀವು ಇರುವ ಜಾಗದಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶ ಉಂಟು. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಆದರೆ ನೇರವಾಗಿ ಹೇಳುತ್ತೇನೆ: ಗೇಮ್‌ನ ಪುಟದಲ್ಲಿ ‘ನೆಟ್ ಸದಾ ಬೇಕು’ ಅಂತ ಬರೆದಿದ್ದರೆ ನಿಮ್ಮ ಕೈ ಸಡಿಲ. ಬರೆದಿರದಿದ್ದರೆ, ಅಥವಾ ಯಾರಿಗೂ ಕಾಣದ ಮೂಲೆಯಲ್ಲಿ ಬರೆದಿದ್ದರೆ, ಕೈ ಗಟ್ಟಿ. ಹಾಗಾಗಿ ಇವತ್ತೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ಪುಟ ನಾಳೆ ಬದಲಾಗಬಹುದು.

ಕ್ರ್ಯಾಕ್ ಹಾಕುವ ಯೋಚನೆ ನಿಮ್ಮ ಮಗನಿಗೂ ಬಂದಿರುತ್ತದೆ. ಕ್ರ್ಯಾಕ್ ಆದದ್ದು ಕೆಲವು ಸಲ ಹೆಚ್ಚು ಚೆನ್ನಾಗಿ ಓಡುತ್ತದೆ ಅನ್ನುವುದು ಸುಳ್ಳಲ್ಲ. 2021ರಲ್ಲಿ ‘ರೆಸಿಡೆಂಟ್ ಈವಿಲ್ ವಿಲೇಜ್’ ಅನ್ನುವ ಗೇಮ್ ಪಿಸಿಯಲ್ಲಿ ತಡೆದು ತಡೆದು ಓಡುತ್ತಿತ್ತು, ಬೀಗ ತೆಗೆದ ಕಳ್ಳ ಕಾಪಿ ಸಲೀಸಾಗಿ ಓಡುತ್ತಿತ್ತು. ಕೊನೆಗೆ ಅದರ ಕಂಪನಿ ಕ್ಯಾಪ್‌ಕಾಮ್ ಬೀಗದ ಭಾಗವನ್ನು ಸರಿಪಡಿಸಿ ಅಪ್‌ಡೇಟ್ ಕೊಡಬೇಕಾಯಿತು. ಆದರೂ ನಾನು ಬೇಡ ಅನ್ನುತ್ತೇನೆ. ಒಂದು, ಕಾನೂನು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನಂತೆ ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ ಹಾಕಬಹುದು. ಎರಡನೆಯದು ಇನ್ನೂ ಹತ್ತಿರದ ಭಯ. ಕ್ರ್ಯಾಕ್ ಜೊತೆ ಬರುವ ಮೊದಲ ಸೂಚನೆಯೇ ‘ಆಂಟಿವೈರಸ್ ಆಫ್ ಮಾಡಿ’ ಅಂತ ಇರುತ್ತದೆ. ನೀವು ಬ್ಯಾಂಕ್ ಕೆಲಸಕ್ಕೆ ಬಳಸುವುದೂ ಅದೇ ಕಂಪ್ಯೂಟರ್ ಆಗಿದ್ದರೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೆಲ್ಲ ಯಾರ ಕೈಗೆ ಹೋಗುತ್ತವೆ ಅಂತ ಹೇಳಲಾಗದು. ಇನ್ನು, ಅಸಲಿ ಕೆಲಸವೇ ಸರ್ವರಿನಲ್ಲಿ ನಡೆಯುವ ಗೇಮ್ ಆದರೆ ಸುಮ್ನೆ ಬೀಗ ಒಡೆದು ಏನೂ ಸಿಗುವುದಿಲ್ಲ.

ಸದ್ಯಕ್ಕೆ ಮಳೆಗಾಲ ದಾಟಿಸುವ ಉಪಾಯ ನೋಡುವ. ನೆಟ್ ಹೋಯಿತು ಅಂದಾಗ ಫೈಬರ್ ಬಂದಿರುವ ಬಿಳಿ ಡಬ್ಬಿಯ ದೀಪ ನೋಡಿ. ‘ಎಲ್‌ಒಎಸ್’ ಅಂತ ಬರೆದಲ್ಲಿ ಕೆಂಪು ಮಿನುಗುತ್ತಿದ್ದರೆ ಲೈನ್‌ನಲ್ಲೇ ಬೆಳಕು ಬರುತ್ತಿಲ್ಲ. ಎಲ್ಲೋ ತೆಂಗಿನ ಮಡಲು ಬಿದ್ದು ಕಂಬದ ಮೇಲಿನ ಕೇಬಲ್ ಕಡಿದಿರಬಹುದು. ನೀವು ಮಾಡುವಂಥದ್ದು ಏನಿಲ್ಲ, ಆಪರೇಟರ್ ಹುಡುಗನಿಗೆ ಫೋನ್ ಮಾಡಿ ಕಾಯಬೇಕು. ‘ಪಿಒಎನ್’ ದೀಪ ಹಸಿರಾಗಿ ಗಟ್ಟಿ ನಿಂತಿದ್ದರೂ ನೆಟ್ ಇಲ್ಲದಿದ್ದರೆ ತೊಂದರೆ ಆಪರೇಟರ್ ಕಡೆಯದ್ದಿರಬಹುದು, ಮನೆಯ ವೈಫೈಯದ್ದೂ ಇರಬಹುದು.

ಇಲ್ಲಿ ಹಲವರು ಗಮನಿಸದ ಒಂದು ವಿಷಯ ಉಂಟು. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವಾಗ ಕಣ್ಣು ಮಿಟುಕಿಸುವಷ್ಟು ಅಂತರ ಬೀಳುತ್ತದೆ. ಕೆಲವು ಕಂಪ್ಯೂಟರ್‌ಗಳು ಅದನ್ನು ತಡೆದುಕೊಳ್ಳುತ್ತವೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿಯೇ ಉಂಟು. ಆದರೆ ಆ ಬಿಳಿ ಡಬ್ಬಿ ಆಫ್ ಆಗಿ ಮತ್ತೆ ಶುರುವಾಗುತ್ತದೆ, ಸಂಪರ್ಕ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಗೇಮ್ ನಿಮ್ಮ ಮಗನನ್ನು ಹೊರಗೆ ಹಾಕಿರುತ್ತದೆ. ಲೈನ್ ಸರಿಯೇ ಇರುತ್ತದೆ, ನೀವು ಕೇಬಲ್‌ನವರಿಗೆ ಬೈಯುತ್ತೀರಿ. ಇದಕ್ಕೆ ರೌಟರಿಗೆಂದೇ ಸಿಗುವ ಮಿನಿ ಯುಪಿಎಸ್ ಹಾಕಿ. ತರುವ ಮೊದಲು ಡಬ್ಬಿಯ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದೆಯಾ 9 ವೋಲ್ಟ್ ಅಂತ ಇದೆಯಾ ನೋಡಿಕೊಳ್ಳಿ, ತಪ್ಪಿದರೆ ಡಬ್ಬಿಯೇ ಸುಟ್ಟು ಹೋದೀತು. ರಸ್ತೆ ಬದಿಯ ಆಪರೇಟರ್ ಪೆಟ್ಟಿಗೆಗೆ ಬ್ಯಾಕಪ್ ಇಲ್ಲದಿದ್ದರೆ ಇದೂ ಪ್ರಯೋಜನಕ್ಕೆ ಬಾರದು.

ಲೈನ್ ಕಡಿದ ದಿನ ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ. ಬೀಗದ ಪರೀಕ್ಷೆಗೆ ಹೋಗುವ ಡೇಟಾ ತೀರಾ ಸ್ವಲ್ಪ. ಅಪಾಯ ಇರುವುದು ಅಪ್‌ಡೇಟ್‌ನಲ್ಲಿ. ಹಾಟ್‌ಸ್ಪಾಟ್ ಸಿಕ್ಕಿದ ಕೂಡಲೇ ಕಂಪ್ಯೂಟರ್ ತನ್ನಷ್ಟಕ್ಕೆ ಡೌನ್‌ಲೋಡ್ ಶುರು ಮಾಡಿ ದಿನದ ಡೇಟಾ ಮುಗಿಸಿಬಿಡುತ್ತದೆ. ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’, ಅಂದರೆ ಡೇಟಾ ಮಿತಿ ಇರುವಂಥದ್ದು ಅಂತ ಮಾಡಿ, ಸ್ಟೀಮ್‌ನಲ್ಲಿ ಡೌನ್‌ಲೋಡನ್ನು ನಿಲ್ಲಿಸಿಡಿ. ಇನ್ನು ಸಿಡಿಲು ಬರುವ ಸಂಜೆ ಪ್ಲಗ್ ಎಲ್ಲ ಕಿತ್ತಿಡುವ ಮನೆ ನಿಮ್ಮದಾದರೆ, ಅದನ್ನು ಗೇಮ್‌ಗೋಸ್ಕರ ಬಿಡಬೇಡಿ.

ಮುಂದಿನ ಸಲ ತೆಗೆದುಕೊಳ್ಳುವಾಗ ಗೇಮ್‌ನ ಪುಟದ ಬಲಬದಿ ನೋಡಿ. ಸ್ಟೀಮ್‌ನಲ್ಲಿ ಅಲ್ಲಿ ‘ಥರ್ಡ್ ಪಾರ್ಟಿ ಡಿಆರ್‌ಎಂ’, ‘ಥರ್ಡ್ ಪಾರ್ಟಿ ಅಕೌಂಟ್’ ಅಂತ ಪಟ್ಟಿ ಇರುತ್ತದೆ, ಅಂದರೆ ಸ್ಟೀಮ್ ಅಲ್ಲದೆ ಬೇರೆಯವರ ಬೀಗ, ಬೇರೆಯವರ ಖಾತೆ ಬೇಕು ಅಂತ. ಕಂಡರೆ ಒಂದು ಹೆಜ್ಜೆ ಹಿಂದೆ ನಿಲ್ಲಿ. ಕೆಳಗೆ ಸಿಸ್ಟಮ್ ರಿಕ್ವೈರ್‌ಮೆಂಟ್‌ನಲ್ಲಿ ನೆಟ್ ಕಡ್ಡಾಯ ಅಂತ ಇದೆಯಾ ನೋಡಿ. ಜಿಒಜಿ ಅನ್ನುವ ಅಂಗಡಿಯಲ್ಲಿ ಬೀಗವೇ ಇಲ್ಲದ ಗೇಮ್‌ಗಳು ಸಿಗುತ್ತವೆ, ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ಅಲ್ಲೂ 2021ರಲ್ಲಿ ‘ಹಿಟ್‌ಮ್ಯಾನ್’ ಗೇಮ್‌ನ ಎಷ್ಟೋ ಭಾಗಕ್ಕೆ ನೆಟ್ ಬೇಕಾದಾಗ ಗ್ರಾಹಕರು ರೇಗಿದರು, ಅಂಗಡಿ ಅದನ್ನು ಪಟ್ಟಿಯಿಂದಲೇ ತೆಗೆಯಿತು.

ಪುಟ ಏನೇ ಹೇಳಲಿ, ಮನೆಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಡೌನ್‌ಲೋಡ್ ಮುಗಿದ ಮೇಲೆ ಗೇಮನ್ನು ನೆಟ್ ಇರುವಾಗ ಒಮ್ಮೆ ತೆರೆದು ಮುಚ್ಚಲಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ, ವೈಫೈ ಆಫ್ ಮಾಡಿ, ಮತ್ತೆ ತೆರೆಯಲಿ. ಮೆನು ಬಂದರೆ ಸಾಲದು. ಒಂದು ರೇಸ್ ಓಡಿಸಿ, ಸೇವ್ ಮಾಡಿ, ಮುಚ್ಚಿ, ಸೇವ್ ಆದದ್ದು ಮತ್ತೆ ತೆರೆಯುತ್ತದಾ ನೋಡಬೇಕು. ಇದಕ್ಕೆ ಅರ್ಧ ಗಂಟೆ ಬೇಡ. ಆಗದಿದ್ದರೆ ಆ ಎರಡು ಗಂಟೆ ಮುಗಿಯುವ ಮೊದಲೇ ರಿಫಂಡ್ ಒತ್ತಲಿ. ಮಕ್ಕಳು ಹೊಸ ಗೇಮ್ ಸಿಕ್ಕಿದರೆ ಮೊದಲ ದಿನವೇ ಎರಡು ಗಂಟೆ ದಾಟಿಸುತ್ತಾರೆ, ಅದಕ್ಕೆ ಅವತ್ತು ನೀವೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೊಳ್ಳಿ.